ಉಗುರಿನಷ್ಟು ಪುಟ್ಟಿ ಕೆರೆಯಲಾಗದ ಕಚೇರಿಗೆ

ಹಳೆಯ ವಾಹನಗಳ ಹಣೆಬರಹ ಬರೆಯುವ ಅಧಿಕಾರಿಗಳೇ,

ಇವತ್ತು ಶುಕ್ರವಾರ ಬೆಳಿಗ್ಗೆ ನಿಮ್ಮ ಕಚೇರಿಯ ಹಿಂದಿನ ತಂತಿಬೇಲಿಯ ಹೊರಗೆ ನಿಂತು ನೋಡಿದೆ. ನೀವು ಜಪ್ತಿ ಮಾಡಿ ನಿಲ್ಲಿಸಿರುವ ನಮ್ಮ ಜೀಪಿನ ಹಿಂಬದಿಯ ಹಿಡಿಕೆಗೆ ನಿಮ್ಮ ಸಿಬ್ಬಂದಿಯೊಬ್ಬರು ಊಟದ ಚೀಲ ತೂಗುಹಾಕುತ್ತಿದ್ದರು. ಹಿಡಿಕೆ ಗಟ್ಟಿಯಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದರು, ಸಮಾಧಾನವಾಯಿತೆಂದು ಕಾಣುತ್ತದೆ, ಒಳಗೆ ಹೋದರು. ನಿಮ್ಮ ನೋಟೀಸಿನ ಎರಡನೇ ಕಲಮಿನಲ್ಲಿ ಅದೇ ಹಿಡಿಕೆಯನ್ನು 'ಅನಧಿಕೃತ ಮಾರ್ಪಾಡು, ಸುರಕ್ಷತೆಗೆ ಅಪಾಯಕಾರಿ' ಎಂದು ಬರೆದಿದ್ದೀರಿ. ನಿಮ್ಮವರ ಊಟದ ಡಬ್ಬಿಗಾದರೂ ಅದರಿಂದ ಅಪಾಯವಿಲ್ಲವೆಂದು ತಿಳಿದು ಸಂತೋಷವಾಯಿತು.

ನನ್ನ ತಕರಾರು ಎರಡನೇ ಕಲಮಿನ ಬಗ್ಗೆ ಅಲ್ಲ, ಮೂರನೆಯದರ ಬಗ್ಗೆ. ಅಲ್ಲಿ ನೀವು ಬರೆದಿರುವುದು ಇಷ್ಟು: 'ವಾಹನದ ಚಾಸಿಸ್ ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಅಳಿಸಲಾಗಿದೆ. ವಾಹನವು ಕಳವಿನದೆಂದು ಶಂಕಿಸಲಾಗಿದೆ. ಹದಿನೈದು ದಿನಗಳೊಳಗೆ ಸಮರ್ಪಕ ಉತ್ತರ ಬಾರದಿದ್ದಲ್ಲಿ ಪೊಲೀಸರಿಗೆ ಒಪ್ಪಿಸಿ ಗುಜರಿಗೆ ಹಾಕಲಾಗುವುದು.' ನೋಟೀಸು ನನ್ನ ಅವ್ವ ಭೀಮಾಬಾಯಿಯ ಹೆಸರಿಗೆ ಬಂದಿದೆ. ಅದು ಬಂದು ಆರು ದಿನ ಆಯಿತು. ಆರು ದಿನದಲ್ಲಿ ತಿಕೋಟಾದಿಂದ ಬಬಲೇಶ್ವರದವರೆಗೆ ಅವ್ವ 'ಕದ್ದ ಜೀಪಿನಾಕಿ' ಆಗಿದ್ದಾಳೆ. ಒಂದು ಹೆಂಗಸು ಇಪ್ಪತ್ತೆರಡು ವರ್ಷ ದುಡಿದು ಗಳಿಸಿದ ಹೆಸರನ್ನು ಆರು ದಿನದಲ್ಲಿ ಅಳಿಸಿಹಾಕಿದ ನೀವು, ಅಳಿಸುವ ಕೆಲಸದಲ್ಲಿ ನಮಗಿಂತ ಬಹಳ ನಿಪುಣರು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಅವ್ವ ಯಾರೆಂದು ನಿಮ್ಮ ಕಡತದಲ್ಲಿ ಇಲ್ಲ, ಹೇಳುತ್ತೇನೆ. ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ. ಎಲ್ಲಿ ಕತ್ತರಿ ಇಡಬೇಕು, ಕಡ್ಡಿಗೆ ಎಷ್ಟು ಚಿಗುರುಗಣ್ಣು ಬಿಡಬೇಕು ಎಂದು ಬಳ್ಳಿ ನೋಡಿದ ಕೂಡಲೇ ಹೇಳಬಲ್ಲ ಏಳು ಹೆಂಗಸರ ಗುಂಪು ಅವ್ವನದು. ಅವಳೇ ಮುಂದಾಳು. ತಿಕೋಟಾ, ಬಬಲೇಶ್ವರ, ಜೈನಾಪುರದ ತೋಟಗಳ ಗೇಟಿನ ಕೀಲಿಯನ್ನು ಮಾಲೀಕರು ಅವಳ ಕೈಗೆ ಕೊಟ್ಟು ಊರಿಗೆ ಹೋಗುತ್ತಾರೆ. ಹೋಗುತ್ತಿದ್ದರು ಎಂದು ಬರೆಯಬೇಕೇನೋ. ಮೊನ್ನೆ ಜೈನಾಪುರದ ಒಬ್ಬರು ಫೋನು ಮಾಡಿ, ಈ ಸಲ ಬೇರೆ ಗುಂಪಿಗೆ ಹೇಳಿದ್ದೇವೆ ಎಂದರು. ಅವ್ವ ಕಾರಣ ಕೇಳಲಿಲ್ಲ. "ಆತ್ರಿ" ಎಂದಳು, ಫೋನನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು.

ಈ ಗುಂಪು ತೋಟಕ್ಕೆ ಹೋಗುತ್ತಿದ್ದುದು ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ. ಎಂಟು ಜನ ಕೂರುವಲ್ಲಿ ಹದಿನೆಂಟು ಜನ. ಅವು ದಿನವೂ ನಿಮ್ಮ ಕಚೇರಿಯ ಮುಂದಿನಿಂದಲೇ ಹಾಯುತ್ತವೆ, ಅವುಗಳಲ್ಲಿ ನಿಮಗೆ ಯಾವ ಅಪಾಯವೂ ಕಂಡಿಲ್ಲ. ಮಳೆಯಾದರೆ ಟಂಟಂ ಡಾಂಬರು ಬಿಟ್ಟು ಇಳಿಯುವುದಿಲ್ಲ. ಅಲ್ಲಿಂದ ತೋಟದವರೆಗೆ ಎರೆಮಣ್ಣಿನಲ್ಲಿ ನಡೆಯಬೇಕು. ಹೆಜ್ಜೆಗೊಂದು ಸೇರು ಮಣ್ಣು ಚಪ್ಪಲಿಗೆ ಅಂಟುತ್ತದೆ. ಗುಂಪಿನ ಹಿರಿಯಳು ಹೊಳೆವ್ವ, ಅರವತ್ತು ದಾಟಿದೆ, ಮೊಣಕಾಲು ಮಡಚುವುದಿಲ್ಲ. ಎರಡು ವರ್ಷದ ಹಿಂದೆ ಆ ಮಣ್ಣಿನಲ್ಲಿ ಬಿದ್ದು ಮುಂಗೈ ಮುರಿದುಕೊಂಡಳು. ಅವ್ವ ಜೀಪಿನ ಬಗ್ಗೆ ಯೋಚಿಸಲು ಶುರು ಮಾಡಿದ್ದು ಆ ದಿನ.

ಜೀಪು ಇದ್ದದ್ದು ಬಬಲೇಶ್ವರದ ಗುರುಪಾದಯ್ಯನವರ ತೋಟದಲ್ಲಿ. ಒಣದ್ರಾಕ್ಷಿ ಶೆಡ್ಡಿನ ಪಕ್ಕ ಹನ್ನೊಂದು ವರ್ಷ ನಿಂತಿತ್ತು, ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಅವ್ವ ಕೇಳಿದಾಗ ಅವರು ನಕ್ಕರಂತೆ. "ಭೀಮವ್ವಾ, ನನ್ನ ಮಕ್ಕಳು ಎಸಿ ಇಲ್ಲದ ಗಾಡಿ ಮುಟ್ಟೂದಿಲ್ಲ. ಬರೇ ಕೊಡೂದಲ್ಲ, ನಿನ್ನ ಹೆಸರಿಗೇ ಮಾಡಿ ಕೊಡ್ತೀನಿ ತಗೊಂಡ್ ಹೋಗು. ಕೋಳಿ ಮಾತ್ರ ಬಿಟ್ಟು ಹೋಗು." ಮಾತಿನಂತೆ ಕಾಗದಪತ್ರ ಮಾಡಿಸಿದರು. ಅದಕ್ಕೆ ಮೊಹರು ಹಾಕಿದ್ದು ನಿಮ್ಮದೇ ಕಚೇರಿ. ಕಳವಿನ ಮಾಲನ್ನು ನೀವೇ ಅವ್ವನ ಹೆಸರಿಗೆ ಬರೆದುಕೊಟ್ಟಿದ್ದೀರಿ ಎಂದಾಯಿತು. ಆ ನೋಟೀಸನ್ನು ಯಾರಿಗೆ ಕಳಿಸುತ್ತೀರಿ?

ಹದಿನಾಲ್ಕು ತಿಂಗಳು ಅವ್ವ ಮತ್ತು ನಾನು ಆ ಜೀಪಿನ ಕೆಳಗೆ ಮಲಗಿದೆವು. ಅಪ್ಪ ಸಕ್ಕರೆ ಕಾರ್ಖಾನೆಗೆ ಹೋಗುತ್ತಾರೆ, ಅವರಿಗೆ ಸೈಕಲ್ಲಿನ ಮೇಲೂ ನಂಬಿಕೆಯಿಲ್ಲ, ದೂರ ನಿಂತರು. ವಿಜಯಪುರದಲ್ಲಿ ಗ್ಯಾರೇಜು ಇಟ್ಟಿರುವ ಅಮೀನಸಾಬರು ರವಿವಾರಕ್ಕೊಮ್ಮೆ ತಿಕೋಟಾಕ್ಕೆ ಬಂದು, ಮುಂದಿನ ವಾರದ ಪಾಠ ಹೇಳಿಹೋಗುತ್ತಿದ್ದರು. ಬಿಗಿದುಕೊಂಡ ಎಂಜಿನ್ನಿಗೆ ಸೀಮೆಎಣ್ಣೆ ಬಿಟ್ಟು ಎಂಟು ದಿನ ಕಾಯುವುದು, ತುಕ್ಕು ತಿಂದ ತಳಕ್ಕೆ ಹೊಸ ತಗಡು ಹಾಕುವುದು, ಸವೆದ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಬಿಚ್ಚುವುದು. ಸೀಟಿನ ರೆಗ್ಜಿನ್ ಅನ್ನು ಅವ್ವ ಚಾಟ್ನಿ ಕತ್ತರಿಯಿಂದಲೇ ಕತ್ತರಿಸಿದಳು. ವೈರುಗಳನ್ನು ಬಿಚ್ಚುವಾಗ ನಾನು ಒಂದೊಂದಕ್ಕೂ ಚೀಟಿ ಕಟ್ಟಿದೆ: ಎಡಗಣ್ಣು, ಬಲಗಣ್ಣು, ಹಾರ್ನು, ಏನೋ ಗೊತ್ತಿಲ್ಲ. ಅಮೀನಸಾಬರು ಕೊನೆಯ ಚೀಟಿ ಓದಿ ಸ್ಪ್ಯಾನರ್ ಕೆಳಗಿಟ್ಟು ನಕ್ಕರು. "ಭೀಮಾಬಾಯಿ ಅಕ್ಕಾ, ಮೂವತ್ತು ವರ್ಷ ಗಾಡಿ ರಿಪೇರಿ ಮಾಡೀನಿ, 'ಏನೋ ಗೊತ್ತಿಲ್ಲ' ಅಂತ ಖರೇ ಬರದಾಕಿ ನಿನ್ನ ಮಗಳು ಒಬ್ಬಾಕೀನ ನೋಡು."

ಇನ್ನು ನಿಮ್ಮ ಎರಡನೇ ಕಲಮು. ಜೀಪು ಮೊದಲ ಸಲ ಶುರುವಾದ ದಿನ ಹೊಳೆವ್ವನನ್ನು ಕರೆದು ಹತ್ತಿಸಲು ಹೋದೆವು. ಅವಳು ಹಿಂದೆ ನಿಂತು ಕತ್ತೆತ್ತಿ ನೋಡಿದಳು. "ಭೀಮಾ, ಇದು ಜೀಪೋ ಮಾಳಿಗಿಯೋ? ನಿಚ್ಚಣಿಕಿ ಎಲ್ಲೈತಿ ಬೇ?" ಎಲ್ಲರೂ ನಕ್ಕರು. ಅವ್ವ ನಗಲಿಲ್ಲ, ಹೊಳೆವ್ವನ ಕಾಲನ್ನು ಕೈಯಿಂದ ಎತ್ತಿ, ಅದು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಗೇಣಿನಿಂದ ಅಳೆದಳು. ಒಂದೂವರೆ ಗೇಣು. ಮರುವಾರ ಒಂದೂವರೆ ಗೇಣಿಗೊಂದರಂತೆ ಎರಡು ಮೆಟ್ಟಿಲು, ಎರಡೂ ಬದಿಗೆ ಹಿಡಿಕೆ ಬಂದವು. ಕತ್ತರಿಗಳು ಜಾರಿ ಯಾರ ಕಾಲಿಗೂ ತಾಗದಂತೆ ಸೀಟಿನ ಕೆಳಗೊಂದು ತಗಡಿನ ಗೂಡು. ಮಾರ್ಪಾಡಿಗೆ ಮೊದಲು ಅನುಮತಿ ಕೇಳಬೇಕೆಂಬ ನಿಯಮ ನಮಗೆ ತಿಳಿದಿರಲಿಲ್ಲ. ಇದು ನಮ್ಮ ತಪ್ಪು, ಒಪ್ಪುತ್ತೇನೆ, ದಂಡ ಹಾಕಿ. ಎಲ್ಲವನ್ನೂ ಬೋಲ್ಟಿನಿಂದ ಕೂಡಿಸಿದ್ದೇವೆ, ಬಿಚ್ಚಿ ಎಂದರೆ ಅರ್ಧ ಗಂಟೆಯಲ್ಲಿ ಬಿಚ್ಚುತ್ತೇವೆ. ಆಮೇಲೆ ಹೊಳೆವ್ವ ಹೇಗೆ ಹತ್ತಬೇಕೆಂದು ನಿಮ್ಮ ಯಾವ ನಿಯಮದಲ್ಲಿದೆಯೋ ಅದನ್ನು ತೋರಿಸಿ.

ಮೂರನೇ ಕಲಮಿಗೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ. ನಾನು ಹೆಚ್ಚು ಮಾತಾಡುವವಳಲ್ಲ. ಎಂ.ಎ. ತರಗತಿಯಲ್ಲಿ ಎರಡು ವರ್ಷ ಕೊನೆಯ ಬೆಂಚಿನಲ್ಲಿ ಕೂತು, ಉತ್ತರ ಗೊತ್ತಿದ್ದಾಗಲೂ ಕೈ ಎತ್ತಿದವಳಲ್ಲ. ಆ ಅಭ್ಯಾಸಕ್ಕೆ ಬೆಲೆ ತೆತ್ತವಳು ಅವ್ವ.

ಚಾಟ್ನಿಯಾದ ಮೇಲೆ ಬಳ್ಳಿಯ ಬೊಡ್ಡೆಗೆ ಆದ ಗಾಯಕ್ಕೆ ಸುಣ್ಣ, ಮೈಲುತುತ್ತದ ಪೇಸ್ಟು ಮೆತ್ತುತ್ತಾರೆ. ನಾನು ಶಾಲೆಯ ರಜೆಗಳನ್ನೆಲ್ಲ ಕಳೆದದ್ದು ಆ ಡಬ್ಬಿ ಹಿಡಿದು ಅವ್ವನ ಹಿಂದೆ ನಡೆದು. ಅವಳು ಕತ್ತರಿಸಿದಲ್ಲಿ, ಸಿಪ್ಪೆ ಸೀಳಿದಲ್ಲಿ, ತೂತು ಕಂಡಲ್ಲಿ ಮೆತ್ತಬೇಕು. ಬಿಟ್ಟರೆ ಒಳಗೆ ನೀರು ಇಳಿದು ಬಳ್ಳಿ ಸಾಯುತ್ತದೆ. "ಒಂದೂ ಬಿಡಬ್ಯಾಡ ಯವ್ವಾ, ಸಣ್ಣದರಾಗಿಂದನ ರೋಗ ಹೊಗತೈತಿ" ಎನ್ನುತ್ತಿದ್ದಳು. ಗಾಯ ಕಂಡರೆ ಮುಚ್ಚುವುದು ನನ್ನ ಕೈಗೆ ಬುದ್ಧಿಗಿಂತ ಮೊದಲು ಬಂದ ವಿದ್ಯೆ.

ಜೀಪಿಗೆ ಬಣ್ಣ ಹೊಡೆಯುವ ಮೊದಲು ಚಾಸಿಸ್ಸಿನ ಉದ್ದಕ್ಕೂ ತುಕ್ಕು ಉಜ್ಜಿ, ಗುಳಿ ಬಿದ್ದಲ್ಲಿ ಪುಟ್ಟಿ ಎಂಬ ಲೇಪ ಮೆತ್ತುವ ಕೆಲಸ ನನ್ನದಾಗಿತ್ತು. ಮುಂದಿನ ಚಕ್ರದ ಹತ್ತಿರ, ಗಟ್ಟಿ ಗ್ರೀಸಿನ ಕೆಳಗೆ, ಒಂದು ಗೇಣುದ್ದ ಸಣ್ಣ ಸಣ್ಣ ಗುಳಿಗಳಿದ್ದವು. ತುಕ್ಕು ತಿಂದದ್ದೆಂದುಕೊಂಡೆ. ಒಂದನ್ನೂ ಬಿಡಲಿಲ್ಲ. ಪುಟ್ಟಿ ಮೆತ್ತಿ, ಒಣಗಿಸಿ, ಪಾಲಿಶ್ ಪೇಪರಿನಿಂದ ಕನ್ನಡಿಯಂತೆ ನುಣ್ಣಗೆ ಮಾಡಿ, ಮೇಲೆ ಎರಡು ಕೈ ಹಸಿರು ಬಣ್ಣ ಹೊಡೆದೆ. ಆ ಗುಳಿಗಳು ಅಂಕೆಗಳಾಗಿದ್ದವು. ಮುಂದಿನ ರವಿವಾರ ಅಮೀನಸಾಬರು ಆ ಜಾಗದ ಮೇಲೆ ಬೆರಳಾಡಿಸಿ, "ಶೈಲವ್ವ ಸಾಕ್ಷಾತ್ ಗಾಜು ಮಾಡ್ಯಾಳಲ್ಲ" ಎಂದು ಹೊಗಳಿದರು. ನಾನು ಅವತ್ತು ಊಟ ಮಾಡುವಾಗಲೂ ಒಳಗೊಳಗೇ ನಗುತ್ತಿದ್ದೆ.

ಕಳೆದ ತಿಂಗಳು ನೋಂದಣಿ ನವೀಕರಣಕ್ಕೆ ಜೀಪು ತಂದಾಗ ನೀವೇ ಬ್ಯಾಟರಿ ಹಿಡಿದು ಬಗ್ಗಿ ನೋಡಿದಿರಿ. "ನಂಬರ್ ಎಲ್ಲಿದೆಯಮ್ಮಾ?" ಎಂದಿರಿ.

"ಅಲ್ಲೇ ಇರಬೇಕ್ರಿ ಸಾಹೇಬ್ರ," ಎಂದಳು ಅವ್ವ.

"ಇಲ್ಲಿ ಏನೂ ಇಲ್ಲ. ನುಣ್ಣಗೆ ಕೆರೆದು ಹಾಕಿದ್ದೀರಿ. ಯಾರ ಕೆಲಸ ಇದು?"

ಬ್ಯಾಟರಿಯ ಬೆಳಕು ಬಿದ್ದ ಜಾಗ ನೋಡಿದೊಡನೆ ನನಗೆ ಗೊತ್ತಾಯಿತು. ಅವ್ವ ಜಾಗವನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ನೋಡಿ, ನನಗೂ ನಿಮಗೂ ನಡುವೆ ಬಂದು ನಿಂತಳು.

"ನಾನ ಮಾಡೀನ್ರಿ. ಓದಾಕ ಬರಾಂಗಿಲ್ರಿ ನನಗ. ನಂಬರ್ ಅಂತ ತಿಳೀಲಿಲ್ಲ, ತುಕ್ಕು ಅಂತ ಮುಚ್ಚೀನಿ."

"ನಂಬುವ ಮಾತೇ ಇದು? ಸಹಿ ಮಾಡಲು ಬರುತ್ತಾ?"

"ಇಲ್ರಿ."

ನಿಮ್ಮ ಗುಮಾಸ್ತರು ಮಸಿಯ ಡಬ್ಬಿ ತಂದರು. ಅವ್ವ ಎಡಗೈ ಹೆಬ್ಬೆಟ್ಟು ಚಾಚಿದಳು. ಅವಳು ಏಳನೇ ತರಗತಿಯವರೆಗೆ ಓದಿದ್ದಾಳೆ. ಗುಂಪಿನ ಹಾಜರಿ ಅವಳೇ ಬರೆಯುತ್ತಾಳೆ. ನನ್ನ ಎಂ.ಎ. ಪುಸ್ತಕಗಳನ್ನು ನನಗಿಂತ ಮೊದಲು ತಿರುವಿ ಹಾಕಿ, "ಇದರಾಗ ಇವ ಸುಮ್ನ ಉದ್ದ ಎಳದಾನ" ಎಂದು ಹೇಳಿದವಳು. ಆ ಹೆಬ್ಬೆಟ್ಟು ಕಾಗದಕ್ಕೆ ಒತ್ತಿದ್ದನ್ನು ನಾನು ನೋಡಿದೆ, ಸುಮ್ಮನೆ ನಿಂತೆ.

ಯಾಕೆ ಸುಳ್ಳು ಹೇಳಿದಳೆಂದರೆ, ವಸತಿ ಶಾಲೆಯೊಂದರ ಕನ್ನಡ ಶಿಕ್ಷಕಿಯ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಪೊಲೀಸ್ ಪರಿಶೀಲನೆ ಬಾಕಿ ಇದೆ. ಬಸ್ಸಿನಲ್ಲಿ ವಾಪಸು ಬರುವಾಗ ಬೆರಳಿನ ಮಸಿಯನ್ನು ಸೀರೆಯ ಅಂಚಿಗೆ ಉಜ್ಜುತ್ತಾ ಹೇಳಿದಳು: "ನನಗೇನ್ ಬೇ, ಕತ್ತರಿ ಹಿಡಿಯೂ ಕೈ, ಮಸಿ ಹತ್ತಿದ್ರೂ ಅಷ್ಟ, ಮಣ್ಣು ಹತ್ತಿದ್ರೂ ಅಷ್ಟ. ನಿಂದು ಹಂಗಲ್ಲ. ನೀ ಬಾಯಿ ಬಿಟ್ಟೀ ಅಂದ್ರ ನೋಡು."

"ಯವ್ವಾ, ಅದು ಸುಳ್ಳು."

"ಸುಳ್ಳಂತ ನನಗ ಗೊತ್ತಿಲ್ಲೇನು? ಕಿಡಕಿ ಮುಚ್ಚು, ಧೂಳು ಬರಾಕತ್ತೈತಿ."

ಈಗ ನಿಮ್ಮನ್ನು ಕೇಳುತ್ತೇನೆ. ಸಂಖ್ಯೆಗೆ ಸಂಖ್ಯೆ ಹೋಲಿಸುವುದೇ ನಿಮ್ಮ ವೃತ್ತಿ. ಹೆಸರು ವರ್ಗಾವಣೆಯ ಅರ್ಜಿ ನಿಮ್ಮ ಅದೇ ಕಡತದಲ್ಲಿದೆ, ಅದರ ಕೊನೆಗೆ ದುಂಡಗೆ 'ಭೀಮಾಬಾಯಿ' ಎಂದು ಕನ್ನಡದಲ್ಲಿ ಸಹಿ ಇದೆ. ಅದರ ಮೇಲೆಯೇ ನಿಮ್ಮ ಗುಮಾಸ್ತರು ಹೆಬ್ಬೆಟ್ಟಿನ ಹೇಳಿಕೆಯನ್ನು ಟ್ಯಾಗಿನಲ್ಲಿ ಪೋಣಿಸಿದರು. ಒಂದು ಹಾಳೆಯಲ್ಲಿ ಸಹಿ, ಮರುಹಾಳೆಯಲ್ಲಿ 'ಅನಕ್ಷರಸ್ಥೆ'. ನಡುವೆ ಒಂದು ಹಾಳೆ ತಿರುವುವಷ್ಟು ಶ್ರಮ. ಕಳ್ಳರನ್ನು ಹಿಡಿಯುವ ಕಣ್ಣಿಗೆ ಇದು ಕಾಣಲಿಲ್ಲವೇ? ಅಥವಾ ಸೀರೆಗೆ ಕಚ್ಚೆ ಹಾಕಿದ, ಕೈಗೆ ಗ್ರೀಸು ಹತ್ತಿದ ಹೆಂಗಸಿಗೆ ಓದು ಬರುವುದಿಲ್ಲ ಎಂಬುದು ಪರಿಶೀಲನೆ ಬೇಕಿಲ್ಲದ ಸಂಗತಿಯೇ? ಅವಳು ಓದಲು ಬರುವುದಿಲ್ಲ ಎಂದಾಗ ಕೂಡಲೇ ನಂಬಿದಿರಿ. ಕದ್ದಿಲ್ಲ ಎಂದಾಗ ನಂಬಲಿಲ್ಲ. ನಿಮ್ಮ ನಂಬಿಕೆ ಎಷ್ಟು ಅನುಕೂಲಕರವಾಗಿ ಕೆಲಸ ಮಾಡುತ್ತದೆ!

ಇದಾದ ಮೇಲೆ ನಡೆದದ್ದನ್ನು ಕಥೆ ಎಂದು ಬರೆದರೆ ಯಾವ ಪತ್ರಿಕೆಯಾದರೂ ಅಸಂಭವವೆಂದು ಹಿಂದಿರುಗಿಸುತ್ತದೆ. ಸಂಖ್ಯೆ ಎಲ್ಲಿಗೂ ಹೋಗಿಲ್ಲ. ಪುಟ್ಟಿಯ ಕೆಳಗೆ, ಕಬ್ಬಿಣದ ಮೇಲೆ, ಕಾರ್ಖಾನೆಯಲ್ಲಿ ಹೊಡೆದಾಗ ಹೇಗಿತ್ತೋ ಹಾಗೇ ಇದೆ. ಮೇಲಿನ ಪುಟ್ಟಿ ಒಂದು ಉಗುರಿನ ದಪ್ಪವೂ ಇಲ್ಲ. ಥಿನ್ನರು ಮತ್ತು ತಗಡಿನ ಚೂರು ಸಾಕು, ಹತ್ತು ನಿಮಿಷದ ಕೆಲಸ. ಅಮೀನಸಾಬರು ಅವೆರಡನ್ನೂ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದರು. ವಾಹನ ಜಪ್ತಿಯಲ್ಲಿದೆ, ಸಾಕ್ಷ್ಯವನ್ನು ಖಾಸಗಿಯವರು ಮುಟ್ಟುವಂತಿಲ್ಲ ಎಂದಿರಿ. ಸರಿ, ನೀವೇ ಕೆರೆಯಿರಿ ಎಂದರು. ಪುಟ್ಟಿ ಕೆರೆಯುವುದು ಕಚೇರಿಯ ಕರ್ತವ್ಯಗಳಲ್ಲಿ ಬರುವುದಿಲ್ಲ ಎಂದಿರಿ. ಪ್ರಯೋಗಾಲಯಕ್ಕೆ ಕಳಿಸಿ ಎಂದರು. ಸಂಖ್ಯೆ ಇದೆಯೆಂದು ಖಚಿತವಾದರೆ ಮಾತ್ರ ಕಳಿಸಬಹುದು ಎಂದಿರಿ. ಸಂಖ್ಯೆ ಇದೆಯೆಂದು ಖಚಿತವಾಗುವುದು ಹೇಗೆ ಎಂದು ಕೇಳಿದ್ದಕ್ಕೆ, ಮಧ್ಯಾಹ್ನದ ಊಟದ ಸಮಯವಾಯಿತು ಎಂದಿರಿ. ಎಂಜಿನ್ ಮೇಲಿನ ಸಂಖ್ಯೆ ಕಾಗದಪತ್ರದ ಸಂಖ್ಯೆಗೆ ಸರಿಹೊಂದುತ್ತದೆ, ಬಾನೆಟ್ಟಿನ ಒಳಗಿನ ತಗಡಿನ ಫಲಕದ ಮೇಲಿನದೂ ಹೊಂದುತ್ತದೆ. ಅವನ್ನು ಯಾರು ಬೇಕಾದರೂ ಮಾಡಿಸಬಹುದು ಎಂದಿರಿ. ಅಮೀನಸಾಬರು ಹೊರಗೆ ಬಂದು ಅವ್ವನಿಗೆ ಹೇಳಿದರು: "ಅಕ್ಕಾ, ಜೀಪಿನ ಎಂಜಿನ್ ಎಂಟ ದಿನಕ್ಕ ಬಿಡ್ತು. ಇವರದು ಸೀಮಿಎಣ್ಣಿಗೂ ಬಗ್ಗೂದಿಲ್ಲ."

ಅವ್ವ ನಗಲಿಲ್ಲ. ಈಗೀಗ ಅವಳು ನಗುತ್ತಿಲ್ಲ. ಅಕ್ಟೋಬರ್ ಚಾಟ್ನಿ ಶುರುವಾಗಿದೆ. ಗುಂಪು ಮತ್ತೆ ಟಂಟಂ ಹತ್ತಿದೆ. ಹೊಳೆವ್ವ ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದಾಳೆ. ಮೊನ್ನೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಭೀಮಾ, ಮಂದಿ ಅಂತಾರಂತ ನೀ ತಲಿ ತಗ್ಗಸಬ್ಯಾಡ. ಕದಿಯೂದಿತ್ತಂದ್ರ ಹನ್ನೊಂದು ವರ್ಷ ಕೋಳಿ ಕುಂತ ಗಾಡಿ ಯಾರರ ಕದೀತಾರೇನು?" ಎಂದಳು. ನಿಮ್ಮ ಇಡೀ ಮೂರನೇ ಕಲಮಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಬರೆಯಲಾಗಿಲ್ಲ. ಆದರೆ ಹೊಳೆವ್ವನ ಮಾತು ಸಮರ್ಪಕ ಉತ್ತರವೆಂದು ನಿಮ್ಮ ನಮೂನೆಯಲ್ಲಿ ತುಂಬಲು ಜಾಗವಿಲ್ಲ.

ಆದ್ದರಿಂದ ಕೇಳುವುದನ್ನು ನೇರವಾಗಿ ಕೇಳುತ್ತೇನೆ. ದಿನ ಗೊತ್ತು ಮಾಡಿ. ನಿಮಗೆ ನಂಬಿಕೆಯಿರುವ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿ, ವಿಡಿಯೊ ತೆಗೆಸಿ. ಪುಟ್ಟಿ ಮೆತ್ತಿದ ಕೈಯಿಂದಲೇ ಅದನ್ನು ನಿಮ್ಮೆದುರು ಕೆರೆಯುತ್ತೇನೆ. ನಿಮ್ಮ ನಿಯಮ ಬಿಡದಿದ್ದರೆ ನೀವೇ ಯಾರಿಂದಲಾದರೂ ಕೆರೆಸಿ, ನಾನು ಹತ್ತು ಹೆಜ್ಜೆ ದೂರ ನಿಲ್ಲುತ್ತೇನೆ. ಸಂಖ್ಯೆ ಕಾಗದಪತ್ರಕ್ಕೆ ಹೊಂದದಿದ್ದರೆ ಜೀಪನ್ನು ಗುಜರಿಗೆ ಹಾಕಿ, ನನ್ನನ್ನು ಪೊಲೀಸರಿಗೆ ಒಪ್ಪಿಸಿ. ಹೊಂದಿದರೆ, 'ಕಳವು' ಎಂಬ ಪದವನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಅವ್ವನ ಹೆಸರಿಗೆ ಬರೆದುಕೊಡಿ. ಬಾಯಿಮಾತು ಬೇಡ, ಪತ್ರ ಬೇಕು, ಮೊಹರು ಬೇಕು. ಜೈನಾಪುರದವರಿಗೆ ಅವಳು ಅದನ್ನು ತೋರಿಸುವಂತಿರಬೇಕು.

ಹಾಗೆಯೇ, ಆ ಹೆಬ್ಬೆಟ್ಟಿನ ಹೇಳಿಕೆಯನ್ನು ಕಡತದಿಂದ ತೆಗೆಯಿರಿ. ಅದು ಸುಳ್ಳು. ಅದಕ್ಕೆ ಕಾರಣ ನಾನು. ಸುಳ್ಳಿಗೆ ಶಿಕ್ಷೆಯಿದ್ದರೆ ಅದರ ಲೆಕ್ಕವೂ ನನ್ನ ಕಡೆಗಿರಲಿ. ಸೋಮವಾರ ಹನ್ನೊಂದು ಗಂಟೆಗೆ ನಾನೊಬ್ಬಳೇ ನಿಮ್ಮ ಕಿಟಕಿಗೆ ಬರುತ್ತೇನೆ. ಚಾಸಿಸ್ ಮೇಲೆ ಪುಟ್ಟಿ ಮೆತ್ತಿದವಳು ನಾನು ಎಂಬ ಹೇಳಿಕೆ ಬರೆದಿಟ್ಟಿದ್ದೇನೆ. ಒಂದೂವರೆ ಪುಟ, ಸಹಿ ನನ್ನದು. ಸ್ವೀಕೃತಿ ಕೊಡುವವರೆಗೆ ಅಲ್ಲಿಂದ ಕದಲುವುದಿಲ್ಲ. ನನಗೆ ಗಟ್ಟಿಯಾಗಿ ಮಾತಾಡಲು ಬಾರದಿದ್ದರೂ ಬಹಳ ಹೊತ್ತು ನಿಲ್ಲಲು ಬರುತ್ತದೆ.

ವಸತಿ ಶಾಲೆಯವರು ಕಳಿಸಿದ ಪರಿಶೀಲನೆಯ ನಮೂನೆ ಎಂಟು ದಿನದಿಂದ ಮನೆಯಲ್ಲಿತ್ತು. 'ನಿಮ್ಮ ವಿರುದ್ಧ ಯಾವುದೇ ವಿಚಾರಣೆ ಇದೆಯೇ ಅಥವಾ ಆಗುವ ಸಂಭವವಿದೆಯೇ' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದುಬಿಡಲು ಅವ್ವ ಮೂರು ಸಲ ಹೇಳಿದ್ದಳು. ಇವತ್ತು ನಿಮ್ಮ ಬೇಲಿಯಿಂದ ವಾಪಸು ಬಂದು, ಅವಳು ತೋಟದಲ್ಲಿದ್ದಾಗ, ಅದರಲ್ಲಿ 'ಇದೆ' ಎಂದು ಬರೆದೆ. ತಿಕೋಟಾದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಬಂದೆ.

ಇಂತಿ,
ಕನ್ನಡ ಎಂ.ಎ. ಮುಗಿಸಿಯೂ ಕಬ್ಬಿಣದ ಮೇಲಿನ ಒಂದೇ ಒಂದು ಸಾಲನ್ನು ಓದಲಾರದೆ ಹೋದ
ಶೈಲಾ, ಭೀಮಾಬಾಯಿಯ ಮಗಳು
ತಿಕೋಟಾ